ಹೊಸದಾಗಿ ಕಟ್ಟಿದ ಎಂಜಿನ್‌ನಲ್ಲಿ ಟ್ಯಾಪೆಟ್ ಸದ್ದೇ? ಬಿಚ್ಚುವ ಮೊದಲು ಹೀಗೆ ನೋಡಿ

ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದ ಬುಲೆಟ್ ಮೊದಲ ಕಿಕ್‌ಗೇ ಸ್ಟಾರ್ಟ್ ಆಗುತ್ತದೆ. ಖುಷಿ ಎರಡೇ ನಿಮಿಷ. ಆಮೇಲೆ ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಟಿಕ್. ಮೈಸೂರಿನ ನನ್ನ ಗ್ಯಾರೇಜಿಗೆ ಹೀಗೆ ಗಾಬರಿಯಾಗಿ ಬರುವವರಲ್ಲಿ ಅರ್ಧ ಜನ ಹೊಸ ಟ್ಯಾಪೆಟ್ (ವಾಲ್ವ್ ತೆರೆಯಲು ತಳ್ಳುವ ಚಿಕ್ಕ ಭಾಗ) ಕೊಂಡುಕೊಂಡೇ ಬಂದಿರುತ್ತಾರೆ. ದಯವಿಟ್ಟು ಅವಸರಪಡಬೇಡಿ. ಸದ್ದು ಬರುವುದು ಟ್ಯಾಪೆಟ್‌ನಿಂದ ನಿಜ, ಆದರೆ ತಪ್ಪು ಬಹಳ ಸಲ ಅದರದ್ದಲ್ಲ. ಅದಕ್ಕೆ ಆಯಿಲ್ ತಲುಪುತ್ತಿಲ್ಲ, ಇಲ್ಲವೇ ಎಂಜಿನ್ ಕಟ್ಟುವಾಗ ಅಳತೆ ತಪ್ಪಿದೆ.

ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಿಗೆ ಈ ತಾಪತ್ರಯ ಇರಲಿಲ್ಲ. ಅವು ಟೂ ಸ್ಟ್ರೋಕ್. ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ನಮ್ಮೂರಿನ ಹಳೆಯ ಮೆಕ್ಯಾನಿಕ್‌ಗಳು ಈ ಸದ್ದಿನ ಪಾಠ ಕಲಿತದ್ದು ಬುಲೆಟ್ ಮತ್ತು ಅಂಬಾಸಿಡರ್‌ಗಳಿಂದ.

ಮೊದಲು ಕಿವಿ

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ರಾಕರ್ ಕವರ್ (ವಾಲ್ವ್ ಒತ್ತುವ ತೋಳುಗಳಾದ ರಾಕರ್‌ಗಳ ಮುಚ್ಚಳ) ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ. ಚೈನ್, ಬೆಲ್ಟ್, ಫ್ಯಾನ್‌ಗಳಿಂದ ಬಟ್ಟೆ, ಕೂದಲು ದೂರವಿರಲಿ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಟ್ಯಾಪೆಟ್ಟನ್ನು ತಳ್ಳುವ ಕ್ಯಾಮ್ ತಿರುಗುವುದು, ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಐಡ್ಲಿಂಗ್ 1000 ಆರ್‌ಪಿಎಂ ಇದ್ದರೆ ಒಂದು ಟ್ಯಾಪೆಟ್ ನಿಮಿಷಕ್ಕೆ 500 ಸಲ, ಅಂದರೆ ಸೆಕೆಂಡಿಗೆ ಸುಮಾರು ಎಂಟು ಸಲ ಬಡಿಯುತ್ತದೆ. ಅದರ ದುಪ್ಪಟ್ಟು ವೇಗದಲ್ಲಿ, ಗಡುಸಾಗಿ, ಕೆಳಗಿನಿಂದ ಬಂದರೆ ಅದು ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು. ತಕ್ಷಣ ಆಫ್ ಮಾಡಿ. ತಣ್ಣಗಿರುವಾಗ ಬಡಿದು ಬಿಸಿಯಾದಂತೆ ಕರಗುವುದು ಪಿಸ್ಟನ್ ಸದ್ದು. ಸೈಲೆನ್ಸರ್ ಪೈಪು ಹೆಡ್ಡಿಗೆ ಸೇರುವಲ್ಲಿ ಗ್ಯಾಸ್ ಸೋರಿದರೂ ಥೇಟ್ ಟ್ಯಾಪೆಟ್‌ನಂತೆಯೇ ಕೇಳಿಸುತ್ತದೆ. ಅಲ್ಲಿ ಮಸಿ ಗೆರೆ ಕಂಡರೆ ಮೊದಲು ಆ ಗ್ಯಾಸ್ಕೆಟ್ ಬದಲಿಸಿ.

ಗಟ್ಟಿ ಟ್ಯಾಪೆಟ್ ಆದರೆ

ಅಂಬಾಸಿಡರ್‌ನ ಹಳೆಯ ಪೆಟ್ರೋಲ್ ಎಂಜಿನ್, ಕಬ್ಬಿಣದ ಬ್ಲಾಕಿನ ಹಳೆ ಬುಲೆಟ್, ಮಂಡ್ಯದ ಕಡೆ ಕಬ್ಬು ಎಳೆಯುವ ಬಹುಪಾಲು ಟ್ರ್ಯಾಕ್ಟರ್, ಇವಕ್ಕೆಲ್ಲ ಕೈಯಲ್ಲಿ ಅಡ್ಜಸ್ಟ್ ಮಾಡುವ ಟ್ಯಾಪೆಟ್. ಸಾಲಾಗಿ ನಾಲ್ಕು ಸಿಲಿಂಡರ್, ಎಂಟು ವಾಲ್ವ್ ಇದ್ದರೆ ಒಂಬತ್ತರ ಲೆಕ್ಕ ಹಿಡಿಯಿರಿ: ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು, ಆರು ತೆರೆದಾಗ ಮೂರನ್ನು ಸೆಟ್ ಮಾಡಬೇಕು. ರಾಕರ್‌ಗೂ ವಾಲ್ವ್ ತಲೆಗೂ ನಡುವೆ ಎಷ್ಟು ಗ್ಯಾಪ್, ತಣ್ಣಗಿರುವಾಗಲೋ ಬಿಸಿಯಲ್ಲೋ ಎಂಬುದನ್ನು ಕಂಪನಿಯ ಪುಸ್ತಕದಲ್ಲೇ ನೋಡಿ.

ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಸರಿ ತೋರಿಸಿಯೂ ಸದ್ದು ನಿಲ್ಲದಿದ್ದರೆ ರಾಕರ್ ಬಿಚ್ಚಿ, ವಾಲ್ವ್ ತಲೆಗೆ ತಾಗುವ ಮುಖದ ಮೇಲೆ ಉಗುರು ಆಡಿಸಿ. ಸವೆದ ರಾಕರ್‌ನಲ್ಲಿ ವಾಲ್ವ್ ತಲೆಯಷ್ಟೇ ಅಗಲದ ಸಣ್ಣ ಗುಳಿ ಬಿದ್ದಿರುತ್ತದೆ. ಫೀಲರ್ ಗೇಜಿನ ಪಟ್ಟಿ ಆ ಗುಳಿಯ ಮೇಲೆ ಸೇತುವೆಯಂತೆ ಕೂರುವುದರಿಂದ ಅದು ತೋರಿಸುವ ಗ್ಯಾಪಿಗಿಂತ ನಿಜವಾದ ಗ್ಯಾಪ್ ದೊಡ್ಡದು. ಎಂಜಿನ್‌ಗೆ ಸಾವಿರಾರು ರೂಪಾಯಿ ಸುರಿದು ಹಳೆ ರಾಕರ್‌ಗಳನ್ನೇ ಮತ್ತೆ ಹಾಕುವುದು ನಾನು ಹೆಚ್ಚಾಗಿ ಕಾಣುವ ತಪ್ಪು.

ಸದ್ದು ಅಡಗಿಸಲೆಂದು ಗ್ಯಾಪನ್ನು ಬಿಗಿ ಮಾಡಲೇಬೇಡಿ. ವಾಲ್ವ್ ತನ್ನ ಬಿಸಿಯನ್ನು ಇಳಿಸಿಕೊಳ್ಳುವುದು ಮುಖ್ಯವಾಗಿ ಸೀಟಿನ ಮೇಲೆ ಕೂತಾಗ. ಪೂರ್ತಿ ಕೂರದ ಎಕ್ಸಾಸ್ಟ್ ವಾಲ್ವ್ ಸುಟ್ಟೇ ಹೋಗುತ್ತದೆ. ಓಡಿಸಿದ ಮೇಲೆ ಹೆಡ್ ಬೋಲ್ಟುಗಳನ್ನು ಮತ್ತೆ ಟೈಟ್ ಮಾಡಬೇಕಾದ ಎಂಜಿನ್‌ಗಳಲ್ಲಿ, ಆ ಕೆಲಸದ ನಂತರ ಟ್ಯಾಪೆಟ್ಟನ್ನೂ ಮತ್ತೆ ಸೆಟ್ ಮಾಡಲೇಬೇಕು.

ಹೈಡ್ರಾಲಿಕ್ ಆದರೆ

ಬುಲೆಟ್, ಕ್ಲಾಸಿಕ್‌ಗಳಿಗೆ ನಂತರ ಬಂದ, ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ ಯುಸಿಇ ಎಂಜಿನ್‌ನಲ್ಲಿ ಇರುವುದು ಈ ಬಗೆ. ಟ್ಯಾಪೆಟ್ ಒಳಗೆ ಒಂದು ಪ್ಲಂಜರ್, ಸ್ಪ್ರಿಂಗ್, ಚಿಕ್ಕ ಗುಂಡು. ಪಂಪ್ ತಳ್ಳಿದ ಆಯಿಲ್ ಒಳಗೆ ತುಂಬಿದಾಗ ಗುಂಡು ಬಾಗಿಲು ಮುಚ್ಚುತ್ತದೆ. ಆಯಿಲನ್ನು ಒತ್ತಿ ಕುಗ್ಗಿಸಲಾಗದು, ಹಾಗಾಗಿ ಗ್ಯಾಪೇ ಉಳಿಯುವುದಿಲ್ಲ. ಗಾಳಿ ಸೇರಿಕೊಂಡರೆ ಅದು ಕುಗ್ಗುತ್ತದೆ, ಟಿಕ್ ಎನ್ನುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಬಡಿದು ನಿಂತರೆ ಚಿಂತೆ ಬೇಡ.

ಆಯಿಲ್ ಮಟ್ಟ ನೋಡಿ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ಯುಸಿಇಗೆ ಕಂಪನಿ ಹೇಳಿರುವುದು 15ಡಬ್ಲ್ಯು-50. ಇನ್ನೂ ದಪ್ಪನೆಯ ಆಯಿಲ್ ಹಾಕಿದರೆ ಸದ್ದು ಕೆಲವು ದಿನ ಮುಚ್ಚಿಹೋಗಬಹುದು, ಕಾರಣ ಅಲ್ಲೇ ಉಳಿದಿರುತ್ತದೆ.

ಆಮೇಲೆ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು, ರಾಕರ್ ಕವರ್ ತೆಗೆದು ನಿಧಾನವಾಗಿ ಕಿಕ್ ಹೊಡೆಯುತ್ತಾ ಹೋಗಿ. ರಾಕರ್‌ಗಳ ಬಳಿ ಆಯಿಲ್ ಜಿನುಗಬೇಕು. ಜಿನುಗಿದರೆ ಕವರ್ ಮುಚ್ಚಿ, ಸ್ಟಾರ್ಟ್ ಮಾಡಿ, ಐಡ್ಲಿಂಗ್‌ಗಿಂತ ತುಸು ಮೇಲೆ ಹತ್ತು ನಿಮಿಷ ಬಿಡಿ. ಒಳಗಿನ ಗಾಳಿ ಸಾಮಾನ್ಯವಾಗಿ ಹೊರಟುಹೋಗುತ್ತದೆ. ಜಿನುಗದಿದ್ದರೆ ಓಡಿಸಲೇಬೇಡಿ.

ಬಿಚ್ಚಲೇಬೇಕಾದರೆ ಯಾವ ಟ್ಯಾಪೆಟ್ ಯಾವ ಗುಂಡಿಯದ್ದೆಂದು ಗುರುತು ಹಾಕಿ. ಕ್ಯಾಮ್ ಜೊತೆ ಸವೆದು ಹೊಂದಿಕೊಂಡ ಜೋಡಿ ಅದಲುಬದಲಾಗಬಾರದು. ಶುದ್ಧ ಆಯಿಲ್‌ನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಪ್ಲಂಜರ್ ಒತ್ತಿ ಬಿಡಿ. ತುಂಬಿದ ಟ್ಯಾಪೆಟ್ ಹೆಬ್ಬೆರಳಿಗೆ ಕಲ್ಲಿನಂತೆ ಸಿಗಬೇಕು. ಎಷ್ಟು ಸಲ ತುಂಬಿದರೂ ಸ್ಪಂಜಿನಂತೆ ಮೆತ್ತಗಿದ್ದರೆ ಮಾತ್ರ ಹೊಸದು.

ಲೇತ್‌ನಲ್ಲಿ ಆದ ಕೆಲಸವನ್ನೂ ಕೇಳಿಕೊಳ್ಳಿ. ಈ ಎಂಜಿನ್‌ನ ಪುಷ್ ರಾಡಿಗೆ (ಟ್ಯಾಪೆಟ್‌ನಿಂದ ರಾಕರ್‌ಗೆ ತಳ್ಳುವ ಕಡ್ಡಿ) ಅಡ್ಜಸ್ಟ್‌ಮೆಂಟ್ ಇಲ್ಲ. ದಪ್ಪ ಗ್ಯಾಸ್ಕೆಟ್ ಹಾಕಿದರೆ ಹೆಡ್ ಮೇಲೇರುತ್ತದೆ, ಪುಷ್ ರಾಡ್ ಗಿಡ್ಡವಾದಂತಾಗಿ ಪ್ಲಂಜರ್ ಸಾಕಷ್ಟು ಒತ್ತಿಕೊಳ್ಳದೆ ಸದ್ದು ಬರುತ್ತದೆ. ಹೆಡ್ ಫೇಸಿಂಗ್ (ಹೆಡ್ಡಿನ ಮುಖ ಕೆರೆದು ಸಮ ಮಾಡುವುದು) ಅಥವಾ ವಾಲ್ವ್ ಸೀಟ್ ಕಟಿಂಗ್ ಅತಿಯಾದರೆ ಇದಕ್ಕೆ ಉಲ್ಟಾ: ಪ್ಲಂಜರ್ ತಳ ಮುಟ್ಟಿ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ.

ಕಳೆದ ವರ್ಷ ಮದ್ದೂರಿನಿಂದ ಒಬ್ಬರು ಬುಲೆಟ್ ತಂದರು. ಬೇರೆಡೆ ಎಂಜಿನ್ ಕಟ್ಟಿಸಿ ಒಂದು ಸಲ ಟ್ಯಾಪೆಟ್ ಬದಲಿಸಿಯಾಗಿತ್ತು, ಇನ್ನೊಂದು ಜೋಡಿ ಕೈಯಲ್ಲಿತ್ತು. “ಅಣ್ಣ, ಇದನ್ನ ಹಾಕಿಬಿಡಿ ಸಾಕು” ಅಂದರು. ಕಿಕ್ ಹೊಡೆದು ನೋಡಿದೆ, ಮೇಲೆ ಒಂದು ಹನಿ ಆಯಿಲ್ ಇಲ್ಲ. ಬಲಗಡೆಯ ಕವರ್ ಬಿಚ್ಚಿದಾಗ ಆಯಿಲ್ ರಂಧ್ರದ ಬಾಯಲ್ಲಿ ಗ್ಯಾಸ್ಕೆಟ್ ಪೇಸ್ಟ್ ಶಾವಿಗೆ ಎಳೆಯಂತೆ ಸುರುಳಿ ಸುತ್ತಿ ಕೂತಿತ್ತು. ಕವರ್ ಅಂಚಿಗೆ ಅಗತ್ಯಕ್ಕಿಂತ ಹೆಚ್ಚು ಬಳಿದದ್ದು ಬೋಲ್ಟ್ ಬಿಗಿಯುವಾಗ ಒಳಕ್ಕೆ ಹಿಂಡಿಕೊಂಡಿತ್ತು. ಚಿಮಟದಲ್ಲಿ ಎಳೆದು ತೆಗೆದು, ದಾರಿಗಳಿಗೆಲ್ಲ ಗಾಳಿ ಊದಿ, ಪೇಸ್ಟ್ ಇಲ್ಲದೆ ಹೊಸ ಗ್ಯಾಸ್ಕೆಟ್ ಕೂರಿಸಿದೆ. ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ ಸ್ಟಾರ್ಟ್ ಮಾಡಿದಾಗ ಆರೇಳು ನಿಮಿಷ ಬಡಿದು ಸದ್ದು ನಿಂತಿತು. ಅವರು ತಂದಿದ್ದ ಜೋಡಿಯನ್ನು ಡಬ್ಬಿ ಬಿಚ್ಚದೆ ವಾಪಸ್ ಕೊಟ್ಟೆ.