ಟ್ಯೂರಿನ್ನಿಗೆ ಹೊಸದಾಗಿ ಬರುವವರಿಗೆ: ತೊರಿನೊ ತಂಡದ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ಪಾಲಿಟೆಕ್ನಿಕ್‌ಗೆ ಓದಲು ಬರುವ ನಮ್ಮ ಹುಡುಗರ ಫೋನ್ ಶುರುವಾಗುತ್ತದೆ. ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಬಂದ ಎಂಟು ಕೆಲಸದ ದಿನಗಳೊಳಗೆ ಪೋಸ್ಟ್ ಆಫೀಸಿನಲ್ಲಿ ಪೆರ್ಮೆಸ್ಸೊ (ಇಟಲಿಯಲ್ಲಿ ಇರಲು ಬೇಕಾದ ವಾಸದ ಪರವಾನಗಿ) ಅರ್ಜಿ ಹಾಕಿ, ಕೋದಿಚೆ ಫಿಸ್ಕಾಲೆ ಎಂಬ ತೆರಿಗೆ ಸಂಖ್ಯೆ ಮಾಡಿಸಿ, ಬಾಡಿಗೆ ಕರಾರು ನೋಂದಣಿ ಆಗಿದೆಯೇ ನೋಡಿಕೊಳ್ಳಿ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಇರಲಿ. ಹಸಿಮೆಣಸಿನಕಾಯಿ ಪೋರ್ತಾ ಪಲಾತ್ಸೊ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಇಷ್ಟು ಸಾಕು.

ಇನ್ನು ನೀವು ಯಾರೂ ಕೇಳದ ವಿಷಯ. ಇಲ್ಲಿಗೆ ಬಂದ ಮೇಲೆ ನಾನು ಮಾಡಿದ ತಪ್ಪುಗಳಲ್ಲಿ ಈಗಲೂ ನೆನೆದರೆ ಮೈ ಮುದುಡುವಂಥವು ಮೂರು. ಮೂರೂ ಫುಟ್‌ಬಾಲಿಗೆ ಸಂಬಂಧಪಟ್ಟವು.

ನಾನು ಬಂದದ್ದು 2008ರಲ್ಲಿ. ಟ್ಯೂರಿನ್ ಅಂದರೆ ಯುವೆಂತಸ್ ಫುಟ್‌ಬಾಲ್ ತಂಡ ಎಂದಷ್ಟೇ ಗೊತ್ತಿತ್ತು. ಆ ಚಳಿಗಾಲದಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಆ ತಂಡದ ಕಪ್ಪು ಬಿಳುಪು ಪಟ್ಟೆಯ ಸ್ಕಾರ್ಫ್ ಕೊಂಡು, ಅದನ್ನೇ ಸುತ್ತಿಕೊಂಡು ಕೆಳಗಿನ ಮನೆಯ ತಾತನ ಮನೆಗೆ ಭಾನುವಾರದ ಊಟಕ್ಕೆ ಹೋದೆ. ಬಾಗಿಲು ತೆಗೆದ ತಾತ ಏನೂ ಅನ್ನಲಿಲ್ಲ. ಸ್ಕಾರ್ಫ್ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ಹೊರಗೆ ಮೆಟ್ಟಿಲ ಪಕ್ಕದ ಕುರ್ಚಿಯ ಮೇಲಿಟ್ಟು ಬಂದು ನನಗೆ ಬಡಿಸಿದರು. ಅದು ಮೊದಲ ತಪ್ಪು.

ಎರಡನೆಯದು ಊಟದ ನಡುವೆ ಆಯಿತು, ಅದು ಇನ್ನೂ ದೊಡ್ಡದು. ಅವರದು ತೊರಿನೊ ತಂಡ ಎಂದು ತಿಳಿದಾಗ, ಊರಲ್ಲಿ ಮಾತಾಡುವ ಸಲುಗೆಯಲ್ಲೇ ಕೇಳಿಬಿಟ್ಟೆ: "1976ರಿಂದ ಲೀಗ್ ಗೆದ್ದಿಲ್ಲ ಅಂತೀರಿ, ಮತ್ಯಾಕೆ ತಾತ ಇವರನ್ನೇ ಹಿಡ್ಕೊಂಡಿದ್ದೀರಿ? ಗೆಲ್ಲೋ ತಂಡ ಇದೇ ಊರಲ್ಲಿದೆಯಲ್ಲ?"

ತಾತ ಎದ್ದು ಗೋಡೆಯ ಮೇಲಿದ್ದ ಹಳೇ ಫೋಟೊ ಮುಂದೆ ನಿಂತರು. ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಹೇಳುತ್ತಾ ಹೋದರು. ಬಾಚಿಗಲೂಪೊ, ಬಲ್ಲಾರಿನ್, ಮರೋಸೊ, ಗ್ರೆಜಾರ್, ರಿಗಮೋಂತಿ, ಕಸ್ತಿಲ್ಯಾನೊ, ಮೆಂತಿ, ಲೋಯಿಕ್, ಗಾಬೆತ್ತೊ, ಮಾತ್ಸೋಲಾ, ಒಸ್ಸೋಲಾ. ನಾವು ಚಿಕ್ಕಂದಿನಲ್ಲಿ ನಕ್ಷತ್ರ, ಸಂವತ್ಸರಗಳ ಹೆಸರು ಬಾಯಿಪಾಠ ಹೇಳುತ್ತಿದ್ದೆವಲ್ಲ, ಅದೇ ಓಘ. ಆಮೇಲೆ ಇಷ್ಟೇ ಹೇಳಿದರು: ಆ ದಿನ ಅವರಿಗೆ ಒಂಬತ್ತು ವರ್ಷ. ಮಳೆ ಹಿಡಿದಿತ್ತು. ಟ್ರಾಮ್ ಕೆಲಸದಿಂದ ಬಂದ ಅಪ್ಪ ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಕುರ್ಚಿಯಲ್ಲಿ ಕೂತುಬಿಟ್ಟರು. ಅಪ್ಪ ಅಳುವುದನ್ನು ಅವರು ನೋಡಿದ್ದು ಅದೊಂದೇ ಸಲ.

ಆ ದಿನ 1949ರ ಮೇ 4. ಲಿಸ್ಬನ್ನಿನಲ್ಲಿ ಬೆನ್ಫಿಕಾ ಜೊತೆ ಸ್ನೇಹದ ಪಂದ್ಯ ಆಡಿ ವಾಪಸು ಬರುತ್ತಿದ್ದ ತಂಡದ ವಿಮಾನ, ಸಂಜೆ ಐದರ ಸುಮಾರಿಗೆ, ದಟ್ಟ ಮಂಜಿನಲ್ಲಿ ಸುಪೇರ್ಗಾ ಬೆಟ್ಟದ ಮೇಲಿನ ಬಸಿಲಿಕಾದ ಹಿಂಗೋಡೆಗೆ ಬಡಿಯಿತು. 31 ಜನ ಹೋದರು, ಅವರಲ್ಲಿ 18 ಆಟಗಾರರು. ಬಲ್ಲಾರಿನ್ ಮನೆಯಿಂದ ಇಬ್ಬರು ಅಣ್ಣತಮ್ಮಂದಿರು. ದೇಹಗಳನ್ನು ಗುರುತು ಹಿಡಿಯಬೇಕಾಗಿ ಬಂದದ್ದು ಇಟಲಿ ತಂಡದ ಮಾಜಿ ಕೋಚ್ ವಿತ್ತೋರಿಯೊ ಪೋತ್ಸೊ ಅವರಿಗೆ. ಅವರೇ ಎರಡು ವರ್ಷದ ಹಿಂದೆ, 1947ರ ಮೇನಲ್ಲಿ, ಹಂಗೇರಿ ವಿರುದ್ಧ ಇಳಿಸಿದ ಇಟಲಿಯ ಹನ್ನೊಂದರಲ್ಲಿ ಹತ್ತು ಮಂದಿ ಈ ಒಂದೇ ತಂಡದವರು. ಮಂಡಿ ನೋವಿನಿಂದ ಆ ಪ್ರಯಾಣಕ್ಕೆ ಹೋಗದ ಸಾವ್ರೊ ತೊಮಾ ಎಂಬ ಆಟಗಾರ ಉಳಿದುಕೊಂಡರು. ಲೀಗ್ ಮುಗಿಯಲು ಇನ್ನೂ ನಾಲ್ಕು ಪಂದ್ಯ ಬಾಕಿ ಇದ್ದವು. ತೊರಿನೊ ತನ್ನ ಕಿರಿಯರ ತಂಡವನ್ನು ಕಣಕ್ಕಿಳಿಸಿತು. ಎದುರಿನವರೂ ತಮ್ಮ ದೊಡ್ಡ ಆಟಗಾರರನ್ನು ಕೂರಿಸಿ ಹುಡುಗರನ್ನೇ ಕಳಿಸಿದರು. ಅದು ಅವರ ಸತತ ಐದನೇ ಲೀಗ್ ಪ್ರಶಸ್ತಿಯಾಯಿತು.

ಆ ತಂಡ ಆಡುತ್ತಿದ್ದದ್ದು ಫಿಲಡೆಲ್ಫಿಯಾ ಮೈದಾನದಲ್ಲಿ. ಆಟ ಮಂಕಾದಾಗ ಮೆಟ್ಟಿಲ ಸಾಲಿನಿಂದ ಒಬ್ಬ ರೈಲ್ವೆ ನೌಕರ ಕಹಳೆ ಊದುತ್ತಿದ್ದನಂತೆ. ಅದು ಕೇಳುತ್ತಲೇ ಕ್ಯಾಪ್ಟನ್ ವಾಲೆಂತೀನೊ ಮಾತ್ಸೋಲಾ ಅಂಗಿಯ ತೋಳು ಮೇಲಕ್ಕೆ ಮಡಚುತ್ತಿದ್ದ. ಮುಂದಿನ ಕಾಲುಗಂಟೆ ಎದುರಾಳಿಗಳಿಗೆ ಉಳಿಗಾಲವಿಲ್ಲ. ಆರು ವರ್ಷ ಆ ಮೈದಾನದಲ್ಲಿ ಅವರು ಒಂದೂ ಲೀಗ್ ಪಂದ್ಯ ಸೋಲಲಿಲ್ಲ. ಈಗಲೂ ಇಲ್ಲಿನ ಹಳಬರು ಕಷ್ಟದ ಕೆಲಸಕ್ಕೆ ಕೈಹಾಕುವ ಮುಂಚೆ ತೋಳು ಮಡಚಿಕೊಂಡರೆ, ಆ ತೋಳನ್ನು ಒಮ್ಮೆ ಗಮನಿಸಿ.

ಹೊಸಬರಾದ ನಿಮಗೆ ಇನ್ನೊಂದು ಮಾತು. ಈ ಕ್ಲಬ್ಬನ್ನು ಕಟ್ಟಿದವರೆಲ್ಲ ಊರಿನವರಲ್ಲ. 1906ರ ಡಿಸೆಂಬರಿನಲ್ಲಿ ಯುವೆಂತಸ್ ಬಿಟ್ಟು ಬಂದವರು ಇದನ್ನು ಶುರುಮಾಡಿದಾಗ ಮುಂದೆ ನಿಂತದ್ದು ಆಲ್ಫ್ರೆಡ್ ಡಿಕ್ ಎಂಬ ಸ್ವಿಟ್ಜರ್‌ಲೆಂಡಿನ ವ್ಯಾಪಾರಿ. ಆ ಮಹಾ ತಂಡವನ್ನು ರೂಪಿಸಿದ ಎರ್ಬ್‌ಸ್ಟೈನ್ ಹಂಗೇರಿಯ ಯಹೂದಿ. ಮುಸೊಲಿನಿ ಸರ್ಕಾರದ ಜನಾಂಗ ಕಾನೂನುಗಳಿಂದಾಗಿ ಇಟಲಿ ಬಿಡಬೇಕಾಯಿತು, ಯುದ್ಧದಲ್ಲಿ ಹೇಗೋ ಜೀವ ಉಳಿಸಿಕೊಂಡು, ಮತ್ತೆ ಇದೇ ಊರಿಗೆ, ಇದೇ ತಂಡಕ್ಕೆ ಬಂದರು. ಸುಪೇರ್ಗಾದ ಸ್ಮಾರಕದ ಕಲ್ಲಿನ ಮೇಲೆ ಅವರ ಹೆಸರೂ ಇದೆ.

ಹಾಗೆಂದು ಯುವೆಂತಸ್‌ನವರನ್ನು ಹಗುರವಾಗಿ ಕಾಣಬೇಡಿ. ಐವತ್ತು ಅರವತ್ತರ ದಶಕದಲ್ಲಿ ಫಿಯಾಟ್ ಕಾರ್ಖಾನೆಗೆ ಸಿಸಿಲಿ, ಕಲಾಬ್ರಿಯಾ, ಪೂಲ್ಯಾ ಕಡೆಯಿಂದ ರೈಲು ತುಂಬಿ ಜನ ಬಂದರು. "ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ" ಎಂಬ ಬೋರ್ಡುಗಳನ್ನು ಅವರು ಈ ಊರಿನ ಬಾಗಿಲುಗಳ ಮೇಲೆ ಓದಿದರು. ಫಿಯಾಟ್ ಮನೆತನದ ತಂಡವೇ ಅವರಲ್ಲಿ ಎಷ್ಟೋ ಜನರಿಗೆ ಈ ಊರಲ್ಲಿ ನಮ್ಮದು ಎಂದುಕೊಳ್ಳಲು ಸಿಕ್ಕ ಮೊದಲ ವಸ್ತು. ಬಾಡಿಗೆ ಮನೆ ಹುಡುಕುತ್ತಾ ನಾನೂ ಬಾಗಿಲು ಮುಚ್ಚಿಸಿಕೊಂಡವನು. ಅವರ ಆಯ್ಕೆ ನನಗೆ ಪೂರ್ತಿ ಅರ್ಥವಾಗುತ್ತದೆ.

ಮೂರನೇ ತಪ್ಪು ಸುಪೇರ್ಗಾದಲ್ಲಿ. ಸಾಸ್ಸಿಯಿಂದ ಹಲ್ಲುಗಾಲಿಯ ಟ್ರಾಮ್ ಹತ್ತಿ ಹತ್ತು ಜನ ಕನ್ನಡದವರು ಪಿಕ್ನಿಕ್ ಹೋಗಿದ್ದೆವು. ಚಿತ್ರಾನ್ನದ ಡಬ್ಬಿ, ಮೊಸರನ್ನ, ಆಲ್ಪ್ಸ್ ಎದುರಿಗೆ. ತಿಂದಾದ ಮೇಲೆ ಬಸಿಲಿಕಾದ ಹಿಂದಕ್ಕೆ ನಡೆದು, ಕಲ್ಲು ಕಂಡಿತೆಂದು ಅದರ ಮುಂದೆ ಹೆಗಲ ಮೇಲೆ ಕೈ ಹಾಕಿಕೊಂಡು, ನಗುತ್ತಾ ಗ್ರೂಪ್ ಫೋಟೊ ತೆಗೆಸಿಕೊಂಡೆವು. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಕರವಸ್ತ್ರದಿಂದ ಕಲ್ಲಿನ ಧೂಳು ಒರೆಸುತ್ತಿದ್ದರು. ನಾವು ಮುಗಿಸುವ ತನಕ ಪಕ್ಕಕ್ಕೆ ಸರಿದು ಕಾದರು. ನಾವು ಹೊರಟ ಮೇಲೆ ಮತ್ತೆ ಒರೆಸಲು ಬಂದರು. ಆ ಫೋಟೊ ಅವತ್ತೇ ಅಳಿಸಿದೆ.

ಅಲ್ಲಿ ಜನ ಬಿಟ್ಟು ಹೋಗಿದ್ದ ಸ್ಕಾರ್ಫು, ಹೂವು, ಮಕ್ಕಳ ಬೂಟುಗಳನ್ನು ಆಮೇಲೆ ಸರಿಯಾಗಿ ನೋಡಿದೆ. ನಮ್ಮ ಅರಸೀಕೆರೆ ಕಡೆ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಸತ್ತವರ ಬಟ್ಟೆ, ಅವರಿಗೆ ಇಷ್ಟವಾದ ತಿಂಡಿ, ಎಲೆ ಅಡಿಕೆ ಎಲ್ಲ ಇಡುವುದಿಲ್ಲವೇ? ನಮ್ಮಮ್ಮ ಎಲೆ ಹಾಕುವಾಗ "ಇದು ನಿಮ್ಮ ತಾತಂಗೆ, ಇದು ಮುತ್ತಾತಂಗೆ" ಅನ್ನುತ್ತಿದ್ದಳು. ಪರದೇಶದ ಈ ಬೆಟ್ಟದ ಮೇಲೆ ಅದೇ ನಡೆಯುತ್ತಿದೆ, ನಾನು ಅದರ ಮುಂದೆ ಹಲ್ಲು ಕಿರಿದು ನಿಂತಿದ್ದೆ.

ಫಿಲಡೆಲ್ಫಿಯಾ ಹಾಳುಬಿದ್ದು, ತೊಂಬತ್ತರ ದಶಕದಲ್ಲಿ ಬಹುಪಾಲು ಒಡೆದುಹೋಗಿ, 2017ರ ಮೇನಲ್ಲಿ ತಂಡದ ಅಭ್ಯಾಸದ ಮೈದಾನವಾಗಿ ಮತ್ತೆ ತೆರೆಯಿತು. ತಾತನನ್ನು ನಾನೇ ಕರೆದುಕೊಂಡು ಹೋದೆ. ಹಳೇ ಮೆಟ್ಟಿಲಿನ ಉಳಿದ ತುಂಡಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಿದ್ದರು. ಈಗ ತಾತ ಇಲ್ಲ. ಶವಪೆಟ್ಟಿಗೆಯ ಮೇಲೆ ದಾಳಿಂಬೆ ಕಾಳಿನ ಕಡುಗೆಂಪು ಬಣ್ಣದ, ಇಲ್ಲಿನವರು ಗ್ರನಾತಾ ಅನ್ನುವ ತೊರಿನೊ ಸ್ಕಾರ್ಫ್ ಇತ್ತು.

ಪಂದ್ಯಕ್ಕೆ ಹೋಗುವುದಾದರೆ ಟಿಕೆಟ್ ನಿಮ್ಮ ಹೆಸರಿಗೇ ಇರುತ್ತದೆ, ಗುರುತಿನ ಚೀಟಿ ಮರೆಯಬೇಡಿ. ಸ್ಟೇಡಿಯಂ ಹೆಸರು ಈಗ ಒಲಿಂಪಿಕೊ ಗ್ರಾಂದೆ ತೊರಿನೊ. ತೊರಿನೊದ ಕಟ್ಟಾ ಅಭಿಮಾನಿಗಳು ಸೇರುವ ಮರತೋನಾ ಕಡೆಯ ಸೀಟು ಸಿಕ್ಕರೆ ಒಳ್ಳೆಯದು. ಆದರೆ ಮೊದಲು ಮೇ 4ರಂದು ಬೆಟ್ಟ ಹತ್ತಿ. ಪ್ರತಿ ವರ್ಷ ತಂಡದ ಕ್ಯಾಪ್ಟನ್ ಆ ಕಲ್ಲಿನ ಮುಂದೆ ನಿಂತು 31 ಹೆಸರು ಗಟ್ಟಿಯಾಗಿ ಓದುತ್ತಾನೆ. ಕಪ್ಪು ಬಿಳುಪು ಬಟ್ಟೆ ಬೇಡ. ಫೋನ್ ಜೇಬಿನಲ್ಲಿರಲಿ.

ನನ್ನ ಮಗಳು ಇಲ್ಲೇ ಹುಟ್ಟಿದವಳು. ಚರ್ಚಿನ ಒರತೋರಿಯೊ ಅಂಗಳದಲ್ಲಿ ಆಡಿ ಬೆಳೆದಳು. ಆ ಹನ್ನೊಂದು ಹೆಸರು ತಾತನ ಬಾಯಿಂದ ಕಲಿತವಳು. ಅವರನ್ನು "ನಮ್ಮವರು" ಅನ್ನುತ್ತಾಳೆ. ಒಂದು ವರ್ಷ ಬೆಟ್ಟದಿಂದ ಇಳಿಯುವಾಗ ಟ್ರಾಮಿನಲ್ಲಿ ಕೇಳಿದಳು: "ಅಪ್ಪ, ನಮ್ಮ ಮನೆಯವರ ಹೆಸರು ಹೇಳು, ಮೊದಲಿಂದ." ಅಪ್ಪ, ತಾತ, ಮುತ್ತಾತ. ಅಲ್ಲಿಗೆ ನಿಂತೆ. ಮುಂದಿನದು ಗೊತ್ತಿರಲಿಲ್ಲ. ಎಲೆ ಹಾಕುತ್ತಾ ಹೇಳುತ್ತಿದ್ದ ಅಮ್ಮನೂ ಇಲ್ಲ.

ಮನೆಗೆ ಬಂದು ಊರಿಗೆ, ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಇರಪ್ಪ, ಹಳೇ ಕ್ರಯಪತ್ರ ನೋಡ್ಬೇಕು" ಅಂದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಇನ್ನೂ ಎರಡು ಹೆಸರು ಸಿಕ್ಕವು. ಮಗಳು ಎಲ್ಲವನ್ನೂ ಶಾಲೆಯ ಡೈರಿಯಲ್ಲಿ ಇಟಾಲಿಯನ್ ಅಕ್ಷರದಲ್ಲಿ ಬರೆದುಕೊಂಡಳು. ಆ ವರ್ಷ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟಾಗ ಅವಳೇ ಓದಿದಳು. ಕೊನೆಯ ಹೆಸರಿನ ಳಕಾರ ತಪ್ಪಿತು. ಇನ್ನೊಮ್ಮೆ ಓದಿಸಿದೆ.