ಬತ್ತಿದ ಹಸುವಿನ ಬಾಯಿ, ಈದ ಹಸುವಿನ ಹೊಟ್ಟೆ

ಕರೆಯುವ ಹಸುವಿಗೆ ಸಿಗುವ ಮರ್ಯಾದೆ ಬತ್ತಿದ ಹಸುವಿಗೆ ಸಿಗುವುದಿಲ್ಲ. ಡೇರಿಗೆ ಹಾಲು ಹಾಕುವುದು ನಿಂತ ದಿನವೇ ಹಿಂಡಿ ಬೂಸಾ ನಿಲ್ಲುತ್ತದೆ. ಹಸಿ ಮೇವು ಪಕ್ಕದ ಗೂಟದ ಹಸುವಿಗೆ, ಇದಕ್ಕೆ ಒಣಹುಲ್ಲು, ಕಲಗಚ್ಚು. ಆಮೇಲೆ ಈದ ದಿನ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿಬಿಡುತ್ತದೆ: ಬೆಲ್ಲ, ರಾಗಿ ಅಂಬಲಿ, ಅನ್ನದ ಗಂಜಿ, ಹಿಂಡಿ ಎಲ್ಲ ಒಂದೇ ಬಕೆಟ್ಟಿಗೆ. ನಮ್ಮ ಮಂಡ್ಯ, ಹಾಸನದ ಕಡೆ ಈದ ಸೀಮೆಹಸುಗಳಿಗೆ ಬರುವ ಕಾಯಿಲೆಗಳನ್ನು ನೋಡುತ್ತಾ ಬಂದವಳು ನಾನು. ಕೊಡಬೇಕಾದಾಗ ಕೈ ಬಿಗಿ ಹಿಡಿದು, ತಡೆಯಬೇಕಾದಾಗ ಸುರಿಯುವುದೇ ಅವುಗಳಲ್ಲಿ ಬಹುಪಾಲಿಗೆ ಮೂಲ.

ಮೊದಲು ತಾರೀಕಿನ ವಿಷಯ. ಗಬ್ಬಕ್ಕೆಂದು ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಗಬ್ಬದ ಅವಧಿ ಸುಮಾರು 280 ದಿನ. ಹಿರಿಯರು ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತಿದ್ದುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೇ 1ರಂದು ಹಾಕಿಸಿ ಗಬ್ಬ ಕಟ್ಟಿದರೆ ಫೆಬ್ರವರಿ 5ರ ಆಸುಪಾಸಿಗೆ ಈಯುತ್ತದೆ. ಅಂದರೆ ಡಿಸೆಂಬರ್ ಮೊದಲ ವಾರದಲ್ಲಿ ಹಾಲು ಬತ್ತಿಸಬೇಕು. ‘ಇನ್ನೂ ಮೂರು ಲೀಟರ್ ಕೊಡ್ತಾ ಇದೆ, ಯಾಕೆ ಬಿಡೋದು’ ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಆ ಮೂರು ಲೀಟರಿನ ಆಸೆಗೆ ಮುಂದಿನ ಸೂಲಿನ ಹಾಲೇ ಇಳಿಯುತ್ತದೆ. ಕೆಚ್ಚಲು ದಣಿವಾರಿಸಿಕೊಂಡು ಹೊಸದಾಗಿ ಕಟ್ಟಿಕೊಳ್ಳುವುದು ಈ ಎರಡು ತಿಂಗಳಲ್ಲೇ. ಹೊಟ್ಟೆಯೊಳಗಿನ ಕರು ತೂಕ ಏರಿಸಿಕೊಳ್ಳುವುದೂ ಹೆಚ್ಚಾಗಿ ಈಗಲೇ.

ಬತ್ತಿಸುವಾಗ ಒಂದು ವಾರ ಹಿಂಡಿ ಕಡಿಮೆ ಮಾಡಿ, ದಿನಕ್ಕೆ ಒಂದೇ ಹೊತ್ತು ಕರೆದು, ಆಮೇಲೆ ನಿಲ್ಲಿಸಿಬಿಡಿ. ಕಡೆಯ ಸಲ ಪೂರ್ತಿ ಕರೆದ ಮೇಲೆ ನಾಲ್ಕೂ ತೊಟ್ಟಿಗೆ ದನದ ಡಾಕ್ಟರ ಕೈಯಲ್ಲಿ ಔಷಧಿಯ ಟ್ಯೂಬ್ ಹಾಕಿಸುವುದು ಒಳ್ಳೆಯದು. ಹಳೆಯ ಕೆಚ್ಚಲು ಬಾವು ಒಳಗೊಳಗೇ ಉಳಿದಿದ್ದರೆ ಅದು ಹೋಗುವುದು ಈ ಬಿಡುವಿನಲ್ಲಿ. ಮೂರು ನಾಲ್ಕು ದಿನ ಕೆಚ್ಚಲು ಬಿಗಿಯಾಗಿ ಕಾಣುತ್ತದೆ, ಪಾಪ ಅನ್ನಿಸಿ ಕೈ ಹಾಕಬೇಡಿ, ತಾನೇ ಇಳಿಯುತ್ತದೆ. ಮುಟ್ಟಿದರೆ ಬಿಸಿ, ಕೆಂಪು, ನೋವು ಇದ್ದರೆ ಮಾತ್ರ ತೋರಿಸಿ.

ಬತ್ತಿದ ಹಸುವಿಗೆ ಹೊಟ್ಟೆ ತುಂಬ ಮೇವು, ದಿನಕ್ಕೆ ಒಂದೂವರೆ ಎರಡು ಕೆಜಿ ಪಶು ಆಹಾರ ಸಾಕು. ಕಣ್ಣಳತೆ ಹೇಳುತ್ತೇನೆ: ಪಕ್ಕೆಲುಬು ಎಣಿಸುವ ಹಾಗೆ ಎದ್ದು ಕಾಣಬಾರದು, ಹಾಗಂತ ಬಾಲದ ಬುಡದಲ್ಲಿ ಕೊಬ್ಬು ಗಂಟುಗಂಟಾಗಿ ನಿಲ್ಲಲೂಬಾರದು. ಕೊಬ್ಬಿದ ಹಸು ನೋಡಲು ಚೆಂದ, ಆದರೆ ಈದ ಮೇಲೆ ಮೇವು ಮುಟ್ಟದೆ ಕಾಡುವುದೂ ಅದೇ.

ಈಯುವುದಕ್ಕೆ ಮೂರು ವಾರ ಇದೆ ಅನ್ನುವಾಗ ಕ್ರಮ ಬದಲಾಗಬೇಕು. ಈದ ಮೇಲೆ ಯಾವ ಹಿಂಡಿ, ಯಾವ ಪಶು ಆಹಾರ ಹಾಕುತ್ತೀರೋ ಅದನ್ನೇ ಈಗಿನಿಂದ ದಿನಕ್ಕೆ ಒಂದೊಂದು ಹಿಡಿ ಏರಿಸುತ್ತಾ, ಈಯುವ ಹೊತ್ತಿಗೆ ಮೂರು ಕೆಜಿಯ ಹತ್ತಿರ ತನ್ನಿ. ಹಸುವಿನ ಹೊಟ್ಟೆಯಲ್ಲಿ ಮೇವು ಅರಗಿಸುವ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು. ಒಣಹುಲ್ಲಿನಲ್ಲಿ ಎರಡು ತಿಂಗಳು ಕಳೆದ ಹೊಟ್ಟೆಗೆ ಒಂದೇ ದಿನ ನಾಲ್ಕು ಕೆಜಿ ಹಿಂಡಿ ಸುರಿದರೆ ಅದು ತಡೆಯುವುದಿಲ್ಲ.

ಈ ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಬೇಡವೇ ಬೇಡ. ಇದನ್ನು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ಮೆಡಿಕಲ್ ಸ್ಟೋರಿನಿಂದ ಐದು ಲೀಟರ್ ಕ್ಯಾನ್ ತಂದು ‘ಗಬ್ಬದ ಹಸು, ಶಕ್ತಿ ಬರಲಿ’ ಅಂತ ಕುಡಿಸುವುದೇ ನಮ್ಮಲ್ಲಿ ರೂಢಿ. ಲೆಕ್ಕ ಬೇರೆಯೇ ಇದೆ. ಒಂದು ಲೀಟರ್ ಗಿಣ್ಣದ ಹಾಲಿನಲ್ಲಿ ಎರಡು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಹೋಗುತ್ತದೆ. ಹಸುವಿನ ಇಡೀ ರಕ್ತದಲ್ಲಿ ಓಡಾಡುವುದು ಮೂರು ಗ್ರಾಂ ಆಸುಪಾಸು. ಮೊದಲ ದಿನವೇ ಹತ್ತು ಲೀಟರ್ ಕೆಚ್ಚಲಿಗೆ ಇಳಿದರೆ ಉಳಿದದ್ದೆಲ್ಲ ಮೂಳೆಯಿಂದ, ಮೇವಿನಿಂದ ಥಟ್ಟನೆ ಬರಬೇಕು. ಕಡೆಯ ವಾರಗಳಲ್ಲಿ ಹೊರಗಿನಿಂದಲೇ ಧಾರಾಳವಾಗಿ ಸಿಗುತ್ತಿದ್ದರೆ ಮೂಳೆಯಿಂದ ತೆಗೆಯುವ ಕೆಲಸವನ್ನು ಮೈ ಮರೆತಿರುತ್ತದೆ. ಈದ ದಿನ ಎಚ್ಚರಗೊಳ್ಳುವಷ್ಟರಲ್ಲಿ ಹಸು ಬಿದ್ದಿರುತ್ತದೆ. ಅದಕ್ಕೇ ಈ ಮೂರು ವಾರ ಕುದುರೆ ಮೆಂತೆ ಸೊಪ್ಪಿಗೂ ರಜೆ ಕೊಡಿ, ಅದರಲ್ಲೂ ಕ್ಯಾಲ್ಸಿಯಂ ಜಾಸ್ತಿ. ಜೋಳದ ಮೇವು, ಭತ್ತದ ಹುಲ್ಲು ಇರಲಿ. ಹಿಂದಿನ ಸೂಲಿನಲ್ಲಿ ಬಿದ್ದಿದ್ದ ಹಸುವಾದರೆ, ಈಯುವ ಮುಂಚೆ ಕೊಡುವ ಬೇರೆ ಬಗೆಯ ಖನಿಜ ಮಿಶ್ರಣವನ್ನೇ ಡಾಕ್ಟರ ಹತ್ತಿರ ಕೇಳಿ ತನ್ನಿ. ಈದ ಮೇಲೆ ಕ್ಯಾಲ್ಸಿಯಂ, ಖನಿಜ ಮಿಶ್ರಣ, ರಾಗಿ ಹುಲ್ಲು ಎಲ್ಲವೂ ಬೇಕು. ಕ್ಯಾಲ್ಸಿಯಂ ವಿಷಯದಲ್ಲಿ ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಬಹಳ ಮೇಲು.

ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದು ಮೆತ್ತಗಾದರೆ, ಕೆಚ್ಚಲು ತುಂಬಿ ತೊಟ್ಟು ಮಿಂಚಿದರೆ, ಲೋಳೆ ಇಳಿಯತೊಡಗಿದರೆ ಈಯುವುದು ಹತ್ತಿರ ಬಂತೆಂದು ಅರ್ಥ. ನುಣುಪು ಸಿಮೆಂಟಿನ ಮೇಲೆ ಬಿಡಬೇಡಿ, ಒಣಹುಲ್ಲು ಹಾಸಿದ ಜಾಗಕ್ಕೆ ಕಟ್ಟಿ. ನೀರುಚೀಲ ಒಡೆದು ಒಂದು ಗಂಟೆಯಾದರೂ ಕಾಲಿನ ಗೊರಸು, ಮೂತಿ ಕಾಣದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಕಡಸಿನ ಮೊದಲ ಸೂಲಾದರೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ನಾಲ್ಕು ಜನ ಗಂಡಸರು ಸೇರಿ ಹಗ್ಗ ಕಟ್ಟಿ ಎಳೆಯುವುದು ಮಾತ್ರ ಬೇಡ. ಅಡ್ಡ ನಿಂತ ಕರುವನ್ನು ಎಳೆದರೆ ಗರ್ಭಕೋಶ ಹರಿಯುತ್ತದೆ. 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸೆಯ ವಾಹನ ಬರುವ ವ್ಯವಸ್ಥೆ ಇದೆ. ಆದರೆ ಹಸುಗಳು ಈಯುವುದು ಬಹಳ ಸಲ ಅಪರಾತ್ರಿಯಲ್ಲಿ, ಹತ್ತಿರದ ಡಾಕ್ಟರ ನಂಬರೂ ಮೊಬೈಲಿನಲ್ಲಿರಲಿ.

‘ದೊಡ್ಡಮ್ಮ, ಕಸ ಬೀಳೋ ತನಕ ಕರುವಿಗೆ ಹಾಲು ಬಿಡಬಾರದಂತಲ್ಲ?’ ಅಂತ ಮೊನ್ನೆ ಪಕ್ಕದ ಬೀದಿಯ ಹುಡುಗಿ ಕೇಳಿದಳು. ಕಸ ಅಂದರೆ ಕರುವಿನ ಹಿಂದೆ ಬೀಳುವ ಮಾಸು. ‘ಯಾರವ್ವ ಹೇಳಿದ್ದು? ಮೊದಲು ಬಿಡು, ಆಮೇಲೆ ಮಾತಾಡು’ ಅಂದೆ. ಕರು ಎದ್ದು ತಡಬಡಾಯಿಸುತ್ತಲೇ ಅರ್ಧ ಗಂಟೆ, ಒಂದು ಗಂಟೆಯೊಳಗೆ ಗಿಣ್ಣದ ಹಾಲು ಅದರ ಹೊಟ್ಟೆ ಸೇರಬೇಕು. ರೋಗ ತಡೆಯುವ ಶಕ್ತಿ ತಾಯಿಯ ರಕ್ತದಿಂದ ಕರುವಿಗೆ ನೇರವಾಗಿ ಬಂದಿರುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುವಿನ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ ಹೋಗಿ ಒಂದು ದಿನಕ್ಕೆ ಪೂರ್ತಿ ಮುಚ್ಚಿಕೊಳ್ಳುತ್ತದೆ. 30 ಕೆಜಿಯ ಕರುವಿಗೆ ಮೊದಲ ದಿನ ಮೂರು ಲೀಟರ್ ಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಆರು ಗಂಟೆಯೊಳಗೆ. ನೆರೆಮನೆಗೆಲ್ಲ ಗಿಣ್ಣು ಮಾಡಿ ಹಂಚುವ ಸಡಗರ ಕರುವಿನ ಹೊಟ್ಟೆ ತುಂಬಿದ ಮೇಲೆ. ಇನ್ನೊಂದು ಲಾಭವೂ ಇದೆ. ಕರು ತೊಟ್ಟು ಚೀಪಿದರೆ ತಾಯಿಯ ಗರ್ಭಕೋಶ ಹಿಂಡಿಕೊಂಡು ಕಸ ಬೇಗ ಬೀಳುತ್ತದೆ. ಹೊಕ್ಕುಳ ಬಳ್ಳಿಯನ್ನು ಎರಡು ಅಂಗುಲ ಬಿಟ್ಟು ದಾರದಿಂದ ಕಟ್ಟಿ, ಕತ್ತರಿಸಿ, ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಸಗಣಿ, ಬೂದಿ ಹಚ್ಚಬೇಡಿ.

ಈ ಕಸ ಎಂಟರಿಂದ ಹನ್ನೆರಡು ಗಂಟೆಯೊಳಗೆ ಬೀಳಬೇಕು. ಬೀಳದೆ ನೇತಾಡುತ್ತಿದ್ದರೆ ಅದಕ್ಕೆ ಕಲ್ಲು, ಹಳೆ ಚಪ್ಪಲಿ ಕಟ್ಟುವುದನ್ನು ಇವತ್ತಿಗೂ ನೋಡುತ್ತೇನೆ. ಅದರಿಂದ ಅರ್ಧ ಹರಿದು ಅರ್ಧ ಒಳಗೇ ಕೊಳೆಯುತ್ತದೆ. ಕೈ ಹಾಕಿ ಕೀಳಿಸುವುದೂ ಬೇಡ, ಗರ್ಭಕೋಶದ ಒಳಮೈ ಕಿತ್ತುಬಂದರೆ ಆ ಹಸು ಮತ್ತೆ ಗಬ್ಬ ನಿಲ್ಲುವುದೇ ಕಷ್ಟ. ಕೆಳಗೆ ಜೋತದ್ದನ್ನು ಗಂಟು ಹಾಕಿ ಸ್ವಲ್ಪ ಮೇಲಕ್ಕೆ ಮಾಡಿ, ಡಾಕ್ಟರಿಗೆ ಹೇಳಿ, ಹಸುವಿನ ಜ್ವರ ನೋಡುತ್ತಿರಿ. ಬಿದ್ದ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿದರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ, ಆದರೆ ಕಾಗೆ ನಾಯಿಗಳು ಅದನ್ನು ಊರೆಲ್ಲ ಎಳೆದಾಡುತ್ತವೆ. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ದಿನ ತುಂಬುವ ಮೊದಲೇ, ಆರೇಳು ತಿಂಗಳಿಗೆ ಕಂದು ಹಾಕಿದ ಹಸುವಿನದನ್ನಂತೂ ಬರಿಗೈಯಲ್ಲಿ ಮುಟ್ಟಲೇಬಾರದು. ಕಂದು ಹಾಕಿಸುವ ಬ್ರುಸೆಲ್ಲಾ ಎಂಬ ರೋಗಾಣು ಇದ್ದರೆ ಮನುಷ್ಯರಿಗೂ ಅಂಟಿ ತಿಂಗಳುಗಟ್ಟಲೆ ಜ್ವರ, ಕೀಲುನೋವು ಕಾಡುತ್ತದೆ.

ಇನ್ನು ಈದ ಹಸುವಿನ ಹೊಟ್ಟೆ. ಮೊದಲ ದಿನ ಉಗುರುಬೆಚ್ಚಗಿನ ನೀರು ಕುಡಿದಷ್ಟು, ಗೋಧಿ ಬೂಸಾಕ್ಕೆ ಚೂರು ಬೆಲ್ಲ, ಚಿಟಿಕೆ ಉಪ್ಪು, ಒಳ್ಳೆಯ ಹಸಿ ಮೇವು. ಅಷ್ಟೇ. ಪಶು ಆಹಾರ ಈಯುವ ಮುಂಚೆ ಎಷ್ಟಿತ್ತೋ ಅಲ್ಲಿಂದ ಶುರುಮಾಡಿ, ದಿನಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಏರಿಸುತ್ತಾ ಎರಡು ಮೂರು ವಾರದಲ್ಲಿ ಪೂರ್ತಿ ಅಳತೆಗೆ ತನ್ನಿ. ಹಸುವಿನ ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹದಿನೈದು ಲೀಟರಿನ ಹಸುವಿಗೆ ಏಳೂವರೆ ಕೆಜಿ ಆಯಿತು. ಅದನ್ನು ಎರಡೇ ಹೊತ್ತಿಗೆ ಸುರಿಯದೆ ಮೂರು ನಾಲ್ಕು ಪಾಲು ಮಾಡಿ.

ರಾಗಿ ಅಂಬಲಿ, ಅನ್ನ, ಮದುವೆಮನೆಯಲ್ಲಿ ಮಿಕ್ಕಿದ್ದು, ಇವುಗಳ ವಿಷಯದಲ್ಲಿ ನಾನು ಕಠಿಣ. ಬೆಂದ ಧಾನ್ಯ ಒಮ್ಮೆಲೇ ಹೋದರೆ ಹೊಟ್ಟೆಯೊಳಗೆ ಹುಳಿ ಏಳುತ್ತದೆ. ಹಸು ಮೆಲುಕು ನಿಲ್ಲಿಸುತ್ತದೆ, ಹುಳಿ ವಾಸನೆಯ ನೀರುಸಗಣಿ ಹಾಕುತ್ತದೆ, ಕಣ್ಣು ಗುಳಿ ಬೀಳುತ್ತದೆ, ತೂರಾಡುತ್ತದೆ. ಒಂದೆರಡು ದಿನದಲ್ಲಿ ಸತ್ತೇ ಹೋಗಬಹುದು. ಹಸು ಅನ್ನದ ಪಾತ್ರೆಗೆ ಬಾಯಿ ಹಾಕಿದ್ದು ಗೊತ್ತಾದ ಕೂಡಲೇ, ಲಕ್ಷಣಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಅಡುಗೆ ಸೋಡಾ ಎಷ್ಟು, ಹೇಗೆ ಕುಡಿಸಬೇಕೆಂದು ಅವರೇ ಹೇಳುತ್ತಾರೆ.

ಈದು ಮೂರು ದಿನದೊಳಗೆ, ಅದರಲ್ಲೂ ಮೂರನೇ ಸೂಲು ದಾಟಿದ ಒಳ್ಳೆಯ ಹಾಲಿನ ಹಸು, ಹೆಚ್ಚಾಗಿ ಜೆರ್ಸಿ, ಸಂಜೆ ಹಿಂಗಾಲು ನಡುಗಿಸುತ್ತಾ ನಿಂತಿದ್ದರೆ ಮಲಗಲು ಹೋಗಬೇಡಿ. ಕಿವಿ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಮೂತಿ ಒಣಗಿರುತ್ತದೆ, ಸಗಣಿ ಹಾಕಿರುವುದಿಲ್ಲ. ಆಮೇಲೆ ಕುಸಿದು ಕೂತು ಕತ್ತನ್ನು ಪಕ್ಕೆಗೆ ಮಡಚಿಕೊಳ್ಳುತ್ತದೆ. ಇದು ಹಾಲು ಜ್ವರ. ಡಾಕ್ಟರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಿಟ್ಟರೆ ಎಷ್ಟೋ ಹಸುಗಳು ಬಾಟಲಿ ಮುಗಿಯುವಷ್ಟರಲ್ಲಿ ತೇಗಿ, ಸಗಣಿ ಹಾಕಿ, ಎದ್ದು ನಿಲ್ಲುತ್ತವೆ. ಅದನ್ನು ನೋಡುವುದೇ ಒಂದು ಸಂತೋಷ. ಅವಸರದಲ್ಲಿ ಬಿಟ್ಟರೆ ಹೃದಯ ನಿಲ್ಲುತ್ತದೆ, ಹಾಗಾಗಿ ಊರಿನ ಅರೆಬರೆ ಕಲಿತವರ ಕೈಗೆ ಬಾಟಲಿ ಕೊಡಬೇಡಿ. ಡಾಕ್ಟರು ಬರುವ ತನಕ ಹಸು ಅಡ್ಡ ಬೀಳದಂತೆ ಎರಡೂ ಕಡೆ ಹುಲ್ಲು ತುಂಬಿದ ಚೀಲ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. ಬಾಯಿಗೆ ಏನನ್ನೂ ಹೊಯ್ಯಬೇಡಿ, ನುಂಗುವ ಶಕ್ತಿ ಇಲ್ಲದಾಗ ಹೊಯ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಇಂಥ ಹಸುವನ್ನು ಮೊದಲ ಒಂದೆರಡು ದಿನ ಬಸಿದು ಕರೆಯದೆ, ಕರುವಿಗೆ ಬೇಕಾದಷ್ಟು ಮತ್ತು ಕೆಚ್ಚಲಿನ ಬಿಗಿ ಇಳಿಯುವಷ್ಟು ಮಾತ್ರ ಕರೆಯಿರಿ.

ಎರಡು ಮೂರು ವಾರ ಕಳೆದ ಮೇಲೆ ಬರುವುದು ಬೇರೆ. ಹಾಲು ಏರುವ ವೇಗಕ್ಕೆ ಹಸಿವು ಏರುವುದಿಲ್ಲ. ಹಾಲು ಒಂದೂವರೆ ಎರಡು ತಿಂಗಳಿಗೇ ಮೇಲಕ್ಕೆ ಹೋದರೆ ತಿನ್ನುವ ಶಕ್ತಿ ಮೂರನೇ ತಿಂಗಳಿಗೆ ಸರಿಹೋಗುತ್ತದೆ. ನಡುವಿನ ಕೊರತೆಯನ್ನು ಹಸು ತನ್ನ ಮೈಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಅದು ಅತಿಯಾದರೆ ಹಿಂಡಿ ಬೇಡವೆಂದು ಬರೀ ಒಣಹುಲ್ಲು ಎಳೆಯುತ್ತದೆ, ದಿನದಿನಕ್ಕೆ ಸೊರಗುತ್ತದೆ, ಉಸಿರು, ಮೂತ್ರ ಒಂಥರಾ ಸಿಹಿ ವಾಸನೆ ಹೊಡೆಯುತ್ತದೆ. ದೃಷ್ಟಿ ತಾಗಿತು ಅಂತ ನಿವಾಳಿಸುತ್ತಾ ಕೂತರೆ ಹಾಲು ಕೈತಪ್ಪುತ್ತದೆ. ಇದು ಕೀಟೋಸಿಸ್. ಗ್ಲೂಕೋಸ್ ಬಾಟಲಿ ಹಾಕಿಸಬೇಕು. ಉಂಡೆ ಬೆಲ್ಲ ತಿನ್ನಿಸಿ ಪ್ರಯೋಜನವಿಲ್ಲ, ಅದು ಹೊಟ್ಟೆಯಲ್ಲೇ ಹುದುಗಿ ಹೋಗುತ್ತದೆ, ರಕ್ತಕ್ಕೆ ಸಕ್ಕರೆಯಾಗಿ ಸೇರುವುದಿಲ್ಲ.

ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳಬೇಕು. ಒಂದು ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕು. ದಿನಕ್ಕೆ ಎರಡು ಬಕೆಟ್ ತೋರಿಸಿದರೆ ಎಲ್ಲಿಂದ ಬರಬೇಕು ಹಾಲು? ಗೋದಲಿಯ ಪಕ್ಕ ಸದಾ ತೊಟ್ಟಿ ತುಂಬಿರಲಿ. ಕರೆದ ಕೂಡಲೇ ತೊಟ್ಟಿನ ತೂತು ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಮುಂದೆ ಒಂದಿಷ್ಟು ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿಕೊಳ್ಳಿ. ಸಗಣಿಯ ಮೇಲೆ ಮಲಗಿತೋ, ಕೆಚ್ಚಲು ಬಾವು ಒಳಗೆ ಬಂತು.

ಈದ ನಲವತ್ತು ದಿನಕ್ಕೇ ಬೆದೆ ಕಂಡರೂ ಇಂಜೆಕ್ಷನ್ ಹಾಕಿಸಲು ಓಡಬೇಡಿ. ಗರ್ಭಕೋಶ ಮೊದಲಿನಂತಾಗಲಿ, ಅರವತ್ತು ದಿನ ದಾಟಿದ ಮೇಲೆ ಬರುವ ಬೆದೆಗೆ ಹಾಕಿಸಿ. ತೊಂಬತ್ತು ದಿನವಾದರೂ ಕೂಗಲಿಲ್ಲ, ಲೋಳೆ ಹಾಕಲಿಲ್ಲ ಅಂದರೆ, ಅಥವಾ ಲೋಳೆಯಲ್ಲಿ ಕೀವು ಕಂಡರೆ, ಮುಂದಿನ ಬೆದೆಗೆ ಕಾಯದೆ ಆ ವಾರವೇ ಪರೀಕ್ಷೆ ಮಾಡಿಸಿ.