ಟಾನ್ಸಿಲ್ ತೆಗೆಸಿದ ಮೇಲೆ ಮನೆಯಲ್ಲಿ ಮಗುವಿನ ಆರೈಕೆ

ಆಪರೇಷನ್ ಆದ ಮರುದಿನವೇ ಮಗು ಆಡಿಕೊಂಡಿದ್ದರೆ ಬಹಳಷ್ಟು ಮನೆಗಳಲ್ಲಿ ನೋವಿನ ಸಿರಪ್ ನಿಲ್ಲಿಸಿಬಿಡುತ್ತಾರೆ. ಎಡವಟ್ಟಾಗುವುದೇ ಅಲ್ಲಿ. ಟಾನ್ಸಿಲ್ ನೋವು ಮೂರರಿಂದ ಐದನೇ ದಿನಕ್ಕೆ ಇನ್ನಷ್ಟು ಏರುತ್ತದೆ. ನೋವೆಂದು ಮಗು ನುಂಗುವುದಿಲ್ಲ, ನುಂಗದೆ ಗಂಟಲು ಒಣಗುತ್ತದೆ, ಒಣಗಿದಷ್ಟೂ ನೋವು.

1. ಔಷಧ: ಮಗು ಅಳಲಿ ಎಂದು ಕಾಯಬೇಡಿ, ಗಡಿಯಾರ ನೋಡಿ ಕೊಡಿ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ ಆರು ಗಂಟೆಗೊಮ್ಮೆ. ಡಾಕ್ಟರ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಬಾಟಲಿಯ ಸಣ್ಣಕ್ಷರ ಓದಲೇಬೇಕು. 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. 15 ಕಿಲೋ ಮಗುವಿಗೆ ಮೊದಲನೆಯದು 9 ಎಂಎಲ್ ಬೇಕು, ಎರಡನೆಯದು ನಾಲ್ಕೂವರೆ ಸಾಕು. ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಮೊದಲ ದಿನಗಳಲ್ಲಿ ರಾತ್ರಿಯೂ ಎಬ್ಬಿಸಿ ಕೊಡಿ. ಪಾಪ ಮಲಗಲಿ ಎಂದು ಬಿಟ್ಟರೆ ಬೆಳಗ್ಗೆ ಬಾಯಿಯೇ ತೆರೆಯುವುದಿಲ್ಲ. ಊಟ ಔಷಧ ಕೊಟ್ಟು ಅರ್ಧ ಗಂಟೆಯ ಮೇಲೆ.

ಐಬುಪ್ರೊಫೆನ್-ಪ್ಯಾರಾಸಿಟಮಾಲ್ ಸೇರಿದ ಸಿರಪ್ ನನಗಂತೂ ಹಿಡಿಸದು. ಅದರ ಮೇಲೆ ಇನ್ನೊಂದು ಪ್ಯಾರಾಸಿಟಮಾಲ್ ಕೊಟ್ಟು ಡೋಸ್ ಮಿತಿಮೀರಿಸುವವರಿದ್ದಾರೆ. ನಿಮೆಸುಲೈಡ್ ಎಂಬ ನೋವಿನ ಔಷಧ 12 ವರ್ಷದೊಳಗಿನವರಿಗೆ 2011ರಲ್ಲೇ ನಿಷೇಧವಾಗಿದೆ. ಆಸ್ಪಿರಿನ್, ಕೊಡೀನ್ ಕೂಡ ಬೇಡ.

2. ಕುಡಿಸಿ. ಎಳನೀರು, ಹುಳಿಯಿಲ್ಲದ ಮಜ್ಜಿಗೆ, ತೆಳ್ಳನೆ ರಾಗಿ ಅಂಬಲಿ, ಗುಟುಕು ಗುಟುಕಾಗಿ ದಿನವಿಡೀ. ಐಸ್‌ಕ್ರೀಂ ಧಾರಾಳವಾಗಿ ಕೊಡಬಹುದು, ಅಜ್ಜಿ ಏನೇ ಅನ್ನಲಿ. ತಿನ್ನಲು ನನ್ನ ಆಯ್ಕೆ ಆರಿದ ಮೆತ್ತನೆ ಕಡುಬು, ಮೇಲೆ ತುಪ್ಪ. ಗರಿ ಅಂಚಿನ ಅಕ್ಕಿ ರೊಟ್ಟಿ, ಕೋಡುಬಳೆ ಎರಡು ವಾರ ಮರೆಯಿರಿ.

3. ಗಂಟಲಲ್ಲಿ ಬಿಳಿ ಪೊರೆ ಕಂಡರೆ ಅದು ಕೀವಲ್ಲ, ಗಾಯ ಮಾಯುವ ರೀತಿ. ಒರೆಸಬೇಡಿ, ಅರಿಶಿನ ಹಚ್ಚಬೇಡಿ. ಬಾಯಿ ವಾಸನೆ ಸಹಜ. ಗಂಟಲಿನ ನರವೇ ಕಿವಿಗೂ ಹೋಗುವುದರಿಂದ ಕಿವಿ ನೋಯುವುದೂ ಸಹಜ.

4. ರಕ್ತ: ಐದರಿಂದ ಹತ್ತನೇ ದಿನದೊಳಗೆ ಆ ಪೊರೆ ಕಳಚುವಾಗ ರಕ್ತ ಬರುವ ಸಂಭವವಿದೆ. ಮೂಡಿಗೆರೆ, ಸಕಲೇಶಪುರದ ಒಳಗಿನ ಎಸ್ಟೇಟುಗಳಲ್ಲಿರುವವರು ಅಷ್ಟು ದಿನ ಹಾಸನ ಅಥವಾ ಚಿಕ್ಕಮಗಳೂರು ಪೇಟೆಯಲ್ಲಿ ನೆಂಟರ ಮನೆಯಲ್ಲಿ ಉಳಿಯುವುದೇ ವಾಸಿ. ಮಳೆಗಾಲದ ನಡುರಾತ್ರಿ ಘಾಟಿ ರಸ್ತೆಯಲ್ಲಿ ಗಾಡಿ ಹುಡುಕುವ ಪಾಡು ಬೇಡ. ಕೆಂಪು ರಕ್ತ ಉಗುಳಿದರೆ, ನಿದ್ದೆಯಲ್ಲಿ ಪದೇ ಪದೇ ನುಂಗುತ್ತಿದ್ದರೆ, ಕಾಫಿ ಚರಟದಂಥ ವಾಂತಿಯಾದರೆ ಬೆಳಗಾಗಲಿ ಎನ್ನಬೇಡಿ, ರಕ್ತ ನಿಂತರೂ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108. ದಾರಿಯಲ್ಲಿ ತಿನ್ನಲು, ಕುಡಿಯಲು ಏನೂ ಕೊಡಬೇಡಿ, ಮತ್ತೆ ಅರಿವಳಿಕೆ ಕೊಡಬೇಕಾಗಬಹುದು.